ಸುಬ್ರಮಣಿಯ ಸ್ಕ್ರೂಡ್ರೈವರ್

ಯಲಹಂಕ ಹಳೇ ಊರಿನ ಮೆಕ್ಯಾನಿಕ್ ಸುಬ್ರಮಣಿಗೆ ಕೆಲಸ ಶುರು ಮಾಡುವ ಮೊದಲು ಬೈಯುವುದಕ್ಕೊಬ್ಬ ಮನುಷ್ಯ ಬೇಕಿತ್ತು. ಬಾನೆಟ್ ಎತ್ತಿದವನೇ, "ಯಾವನ್ರೀ ಇದಕ್ಕೆ ಕೈ ಹಾಕಿದ್ದು?" ಎನ್ನುತ್ತಿದ್ದ. ಊರಿನ ಮಿಕ್ಕ ಮೆಕ್ಯಾನಿಕ್‌ಗಳೆಲ್ಲ ಗಾಡಿ ಹಾಳು ಮಾಡುವುದಕ್ಕೇ ಹುಟ್ಟಿದವರೆಂದು ಅವನ ನಂಬಿಕೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇವನು ನೆಲ ಹಾಕಿದವನನ್ನೂ ಬಿಡುತ್ತಿರಲಿಲ್ಲ. ಅವನ ವಿದ್ಯೆಯೋ ಕಾರ್ಬ್ಯುರೇಟರ್ ಕಾಲದ್ದು: ನಿಂತಲ್ಲಿ ಎಂಜಿನ್ ನಡುಗಿದರೆ ಒಂದು ಸ್ಕ್ರೂ ತಿರುಗಿಸು, ಮುಗಿಯಿತು. ಪೆಟ್ರೋಲನ್ನು ಕಂಪ್ಯೂಟರೇ ಅಳೆದು ಚಿಮ್ಮಿಸುವ ಇಂಜೆಕ್ಷನ್ ಕಾರುಗಳು ಬಂದು ಎಷ್ಟೋ ವರ್ಷವಾಗಿದ್ದರೂ ಆ ಸುದ್ದಿ ಅವನ ಕೈಗೆ ಇನ್ನೂ ತಲುಪಿರಲಿಲ್ಲ.

2014ರ ಒಂದು ಶನಿವಾರ ಬೆಳಿಗ್ಗೆ ಮುನಿಕೃಷ್ಣಪ್ಪ ಬಂದು ಗ್ಯಾರೇಜಿನಲ್ಲಿ ಕುರ್ಚಿ ಎಳೆದುಕೊಂಡು ಕೂತರು. ತಣಿಸಂದ್ರದ ತಮ್ಮ ಹೊಲದಲ್ಲಿ ಅಪಾರ್ಟ್‌ಮೆಂಟ್ ಎಬ್ಬಿಸಿದ ಆಸಾಮಿ. ತಮ್ಮ ಆರು ಗಾಡಿಗಳ ರಿಪೇರಿಯನ್ನು ಯಾರ ಕೈಗೆ ಕೊಡುವುದೆಂದು ಹುಡುಕುತ್ತಿದ್ದರು.

"ಇಂಗೇ ಕುಂತ್ಕಂಡು ನಿನ್ ಕೆಲ್ಸ ನೋಡ್ತೀನಿ ಕಣಪ್ಪ. ಆಮೇಲೆ ಮಾತು."

ಆ ಆರು ಗಾಡಿ ಸಿಕ್ಕಿದರೆ ಗ್ಯಾರೇಜು ಉಳಿಯುತ್ತಿತ್ತು. ಇಲ್ಲವಾದರೆ ಯುಗಾದಿಯೊಳಗೆ ಬಾಗಿಲು ಹಾಕಬೇಕಿತ್ತು, ಅದು ಸುಬ್ರಮಣಿಗೂ ಗೊತ್ತಿತ್ತು.

ಅಷ್ಟರಲ್ಲಿ ಟೀಚರ್ ಪದ್ಮಶ್ರೀ ತಮ್ಮ ಹನ್ನೆರಡು ವರ್ಷದ ಇಂಜೆಕ್ಷನ್ ಕಾರು ತಂದು ನಿಲ್ಲಿಸಿದರು. "ಹೆಬ್ಬಾಳದ ಸಿಗ್ನಲ್‌ನಲ್ಲಿ ನಿಂತ್ರೆ ಗಡಗಡ ನಡುಗುತ್ತೆ. ಎರಡು ಸಲ ಆಫ್ ಆಗೋಯ್ತು."

ಸುಬ್ರಮಣಿ ಬಾನೆಟ್ ಎತ್ತಿದ. ನೋಡಲು ದೊಡ್ಡ ಮನುಷ್ಯರು ಬೇರೆ ಕೂತಿದ್ದಾರೆ, ದನಿ ಏರಿತು. "ಯಾವನ್ರೀ ಇದಕ್ಕೆ ಕೈ ಹಾಕಿದ್ದು? ಸ್ಕ್ರೂ ತಲೆನೇ ಸವೆಸಿಬಿಟ್ಟವ್ನೆ ನೋಡಿ. ಸ್ಕ್ರೂಡ್ರೈವರ್ ಹಿಡಿಯೋಕೂ ಬರಲ್ಲ ಅಯೋಗ್ಯಂಗೆ!"

"ನೀವೇ ಕಣ್ರೀ," ಎಂದರು ಪದ್ಮಶ್ರೀ. "ಮೂರು ವರ್ಷದಿಂದ ಬೇರೆ ಯಾರೂ ಈ ಬಾನೆಟ್ ಎತ್ತಿಲ್ಲ. ಹೋದ ವರ್ಷ ಇದೇ ನಡುಕಕ್ಕೆ ಇದೇ ಸ್ಕ್ರೂ ತಿರುಗಿಸಿ ಕಳ್ಸಿದ್ರಿ."

ಮುನಿಕೃಷ್ಣಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಸುಬ್ರಮಣಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೈಯಲು ಯಾರೂ ಉಳಿಯದ ಮೇಲೆ ಎಂಜಿನ್ನನ್ನೇ ನೋಡಬೇಕಾಯಿತು, ಪಾಪ. ಎಂಜಿನ್ ಓಡುತ್ತಿರುವಾಗಲೇ ಒಂದೊಂದು ರಬ್ಬರ್ ಪೈಪನ್ನೂ ಇಕ್ಕಳದಲ್ಲಿ ಮೆಲ್ಲಗೆ ಒತ್ತಿ ಹಿಡಿದು ಕಿವಿಗೊಟ್ಟ. ನಾಲ್ಕನೆಯದನ್ನು ಒತ್ತಿದಾಗ ನಡುಕ ಒಮ್ಮೆಗೇ ತಗ್ಗಿತು. ಪೈಪಿನ ತಳಭಾಗ ಬಿರುಕು ಬಿಟ್ಟು, ಅಲ್ಲಿಂದ ಬೇಡದ ಗಾಳಿ ಎಂಜಿನ್ ಒಳಗೆ ನುಗ್ಗುತ್ತಿತ್ತು. ಹೊಸ ಪೈಪು ಹಾಕಿದ. ತಾನು ತಿರುಗಿಸಿದ್ದ ಸ್ಕ್ರೂವನ್ನು ಕಾಲುಕಾಲು ಸುತ್ತು ಹಿಂದಕ್ಕೆ ತಂದ. ಎಂಜಿನ್ ವೇಗ ತೋರಿಸುವ ಮೀಟರಿನ ಮುಳ್ಳು ಅಲುಗದೆ ನಿಂತಿತು.

"ಏನಾಗಿತ್ತಪ್ಪ?" ಮುನಿಕೃಷ್ಣಪ್ಪ ಕೇಳಿದರು.

ಪೈಪು ಎಂದಷ್ಟೇ ಹೇಳಿ ಜಾರಿಕೊಳ್ಳಬಹುದಿತ್ತು. ಆ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು.

"ಪೈಪ್ ಒಡ್ದಿತ್ತು ಸಾರ್. ಅದನ್ನ ನೋಡ್ದೆ ಸ್ಕ್ರೂ ತಿರುಗ್ಸಿ ಕೆಡ್ಸಿದ್ದು ನಾನೇ."

ಮುನಿಕೃಷ್ಣಪ್ಪ ಎದ್ದು ಪಂಚೆ ಕೊಡವಿದರು. "ಸೋಮವಾರ ಒಂದ್ ಗಾಡಿ ಕಳಿಸ್ತೀನಿ. ಆರಲ್ಲ, ಒಂದು. ಬಾನೆಟ್ ಎತ್ತಿದ್ಮೇಲೆ ಬಾಯ್ ಮುಚ್ಕೊಂಡಿರು."