ಪೆಟ್ ಅಂದರೆ ಖಾರ

ಏಳನೇ ಕ್ಲಾಸಿನ ಗಣಿತ ಪರೀಕ್ಷೆಯ ದಿನ ಸಿಂಧನೂರಿನಿಂದ ಮೊದಲ ಸಲ ಓಡಿಹೋದವನು, ಓಡುತ್ತ ಓಡುತ್ತ ಬ್ಯಾಂಕಾಕಿನ ಹೋಟೆಲ್ ಅಡುಗೆಮನೆ ಮುಟ್ಟಿದೆ. ಅಲ್ಲಿ ನನ್ನ ರೂಮಿನಲ್ಲಿದ್ದವನು ಮಸ್ಕಿಯ ಶರಣಪ್ಪ, ಮೊಟ್ಟೆ ಸಹ ಮುಟ್ಟದವ. ಥಾಯ್ ಮಾತಿನಲ್ಲಿ 'ಫೆಟ್' ಅಂದರೆ ಖಾರ, 'ಪೆಟ್' ಅಂದರೆ ಬಾತುಕೋಳಿ. ಮಹಾಪ್ರಾಣ ಹೊರಡದ ನಾಲಿಗೆಯಿಂದ ಅವನು ದಿನಾ ಖಾರ ಬೇಕೆಂದು ಪೆಟ್ ಕೇಳಿ, ಬಂದ ಮಾಂಸವನ್ನು ಸೋಯಾ ಅಂದುಕೊಂಡು ತಟ್ಟೆ ನೆಕ್ಕುತ್ತಿದ್ದ. ನಾನು ತುಟಿ ಬಿಚ್ಚಲಿಲ್ಲ.

ಮೊನ್ನೆ ಇಬ್ಬರೂ ರಜೆಗೆ ಬಂದಾಗ ಅವನ ಮನೆಯಲ್ಲೇ ಉಳಿದೆ.

"ಅಲ್ಲಿ ಕೂಳು ನಾಯಿನೂ ಮೂಸಂಗಿಲ್ಲಬೇ ಯವ್ವಾ. ಪೆಟ್ ಇತ್ತಂತ ಬದುಕೀನಿ," ಅಂದ ಶರಣಪ್ಪ.

ಅವರವ್ವ ನನ್ನತ್ತ ತಿರುಗಿದಳು. "ಪೆಟ್ ಅಂದ್ರೇನೋ ತಮ್ಮಾ?"

"ಖಾರ ಅಂತ ಅರ್ಥಬೇ."

"ಹಂಗಾರ ನಾಳೆ ಜಂಗಮರು ಊಟಕ್ಕ ಬರ್ತಾರ, ಅದನ್ನ ನೀನ ಮಾಡು."

ಬದನೆಕಾಯಿಗೆ ಖಾರ ಜಡಿದು ಪಾರಾಗಬಹುದಿತ್ತು. ಆದರೆ ಪೆಟ್ಟಿನ ರುಚಿ ಶರಣಪ್ಪನಿಗೆ ಚೆನ್ನಾಗಿ ಗೊತ್ತು. ಅಂಗಿ ಲುಂಗಿ ಚೀಲಕ್ಕೆ ತುರುಕಿದೆ. ಲಿಂಗಸುಗೂರಿನ ಬಸ್ಸು ಆರಕ್ಕಿತ್ತು.