ತ್ರೋಕಾದಲ್ಲಿ ಹುಟ್ಟಿದವಳು

ಎರ್ಲಿಂದಾ ಹುಟ್ಟಿದ್ದು ತ್ರೋಕಾದಲ್ಲಿ. ಇಂಗ್ಲಿಷಿನ ಟ್ರಕ್ಕನ್ನು ನಾಲಗೆಗೆ ಒಗ್ಗಿಸಿಕೊಂಡು ನಮ್ಮ ಟೆಕ್ಸಸ್ ಗಡಿಯ ಜನ ಕರೆಯುವುದೇ ಹಾಗೆ. ಬೀಟ್‌ಗಡ್ಡೆ ಹೊಲಗಳಲ್ಲಿ ಕಳೆ ತೆಗೆಯಲು ಉತ್ತರಕ್ಕೆ ಹೊರಟ ಮೂರು ಸಂಸಾರ, ಮೇಲೊಂದು ಟಾರ್ಪಾಲು, ದಾರಿಯಲ್ಲೇ ಅವಳ ತಾಯಿ ಚೋನಾಗೆ ಹೆರಿಗೆ ನೋವು. ಹತ್ತಿರದ ಊರಿನ ಆಸ್ಪತ್ರೆಯವರು ಮೆಕ್ಸಿಕನ್ನರೆಂದು ಒಳಗೆ ಬಿಡಲಿಲ್ಲ. ಇದನ್ನು ಚೋನಾ ಇವತ್ತಿಗೂ ಹಲ್ಲು ಕಚ್ಚಿಕೊಂಡೇ ಹೇಳುತ್ತಾಳೆ.

ಒಂದನೇ ತರಗತಿಯಲ್ಲಿ ಎರ್ಲಿಂದಾ ಬಾಯಾರಿ ‘ಅಗ್ವಾ’ ಎಂದಳು. ನೀರು, ಅಷ್ಟೇ. ಶಾಲೆಯಲ್ಲಿ ಸ್ಪ್ಯಾನಿಷ್ ಆಡಕೂಡದೆಂದು ಟೀಚರ್ ಕೆನ್ನೆಗೆ ಬಾರಿಸಿದರು. ಹೆಸರನ್ನೂ ಲಿಂಡಾ ಎಂದು ಕತ್ತರಿಸಿಬಿಟ್ಟರು. ನದಿಯಾಚೆ ಮೆಕ್ಸಿಕೋದ ಚಿಕ್ಕಮ್ಮನ ಮನೆಗೆ ಹೋದರೆ ಅಲ್ಲಿ ಚಿಕ್ಕಮ್ಮನದು ಬೇರೆಯೇ ಮಂಗಳಾರತಿ. ಅಮೆರಿಕದ ಗಾಳಿ ಬಡಿದು ಮಾತು ಕೆಡಿಸಿಕೊಂಡವಳನ್ನು ಅಲ್ಲಿ ಪೋಚಾ ಎಂದು ಹಂಗಿಸುತ್ತಾರೆ.

“ಬಂದ್ಲು ನೋಡು ಪೋಚಾ. ಇತ್ಲಾಗೆ ಇಂಗ್ಲಿಷೂ ನೆಟ್ಟಗಿಲ್ಲ, ಅತ್ಲಾಗೆ ಸ್ಪ್ಯಾನಿಷೂ ನೆಟ್ಟಗಿಲ್ಲ.”

ಮಕ್ಕಳು ದೊಡ್ಡವರಾದ ಮೇಲೆ ಅವಳು ಈರುಳ್ಳಿ ಶೆಡ್ಡಿನ ಕೆಲಸ ಬಿಟ್ಟು ವಿಶ್ವವಿದ್ಯಾಲಯ ಸೇರಿದ್ದು ಈ ಹೊಟ್ಟೆಯುರಿಗೇ. ಅಲ್ಲಿ ಚಿಕಾನೋ, ಅಂದರೆ ಅಮೆರಿಕದಲ್ಲೇ ಹುಟ್ಟಿ ಬೆಳೆದ ಮೆಕ್ಸಿಕನ್ನರ, ಅಧ್ಯಯನ ವಿಭಾಗವಿತ್ತು. ತನ್ನವರ ಭಾಷೆ, ತನ್ನವರ ಚರಿತ್ರೆ ಕಲಿಸುತ್ತಿದ್ದರು. ಹೊಲದ ಕೂಲಿಗಳ ಮಾತಿನ ಬಗ್ಗೆ, ಅವರದೇ ಮಾತಿನಲ್ಲಿ, ಪ್ರಬಂಧ ಬರೆದಳು. ಪದವಿ ಬಂದರೆ ಏಟು ತಿಂದ ಅದೇ ಶಾಲೆಯಲ್ಲಿ ಪಾಠ ಹೇಳಬೇಕೆಂಬ ಹಟ ಅವಳದು.

ಆದರೆ ಪರೀಕ್ಷಕರಲ್ಲೊಬ್ಬರು ಸ್ಪ್ಯಾನಿಷ್ ವಿಭಾಗದ ಪ್ರೊಫೆಸರ್ ಲಂದೇತಾ. ‘ನಾನು ಹುಟ್ಟಿದ್ದು ತ್ರೋಕಾದಲ್ಲಿ’ ಎಂಬ ಮೊದಲ ವಾಕ್ಯಕ್ಕೇ ಕೆಂಪು ಗೀಟು ಹಾಕಿದರು. ಅದು ಪದವೇ ಅಲ್ಲವಂತೆ, ಶುದ್ಧ ಸ್ಪ್ಯಾನಿಷಿನಲ್ಲಿ ಕಮ್ಯೋನ್ ಎಂದು ತಿದ್ದದಿದ್ದರೆ ಸಹಿ ಇಲ್ಲವಂತೆ. ಅವರ ಸಹಿಯಿಲ್ಲದೆ ಪದವಿಯೂ ಇಲ್ಲ. ಅವಳ ಗೈಡ್ ಸೆಪೇದಾ ಮೇಡಂ, ನಮ್ಮವರೇ, “ತಿದ್ದಿಬಿಡು ಮಾರಾಯ್ತಿ, ಪದವಿ ಕೈಗೆ ಬರ್ಲಿ, ಆಮೇಲೆ ಜಗಳ ಆಡೋಣ” ಎಂದು ಜಾರಿಕೊಂಡರು. ಥೂ, ನಮ್ಮ ಮಾತನ್ನು ಕಲಿಸಲೆಂದೇ ತೆರೆದ ವಿಭಾಗದಲ್ಲೂ ನಮ್ಮ ಮಾತಿಗೆ ಜಾಗವಿಲ್ಲವೆಂದರೆ ಏನು ಹೇಳುವುದು?

ಎರ್ಲಿಂದಾ ತಿದ್ದಿದಳು. ಮೌಖಿಕ ಪರೀಕ್ಷೆಯ ಹಿಂದಿನ ದಿನ, ತೊರ್ತಿಯಾ ರೊಟ್ಟಿ ಬೇಯಿಸುತ್ತಿದ್ದ ತಾಯಿಗೆ ಅದನ್ನು ಓದಿ ಹೇಳಿದಳು. ಚೋನಾಳ ಕೈ ನಿಂತಿತು. ನಮ್ಮ ಕಡೆ ಕಮ್ಯೋನ್ ಎಂದರೆ ಬಸ್ಸು.

“ಯಾವ ಬಸ್ಸೇ, ಮಿಹಾ, ನನ್ನ ಮಗಳೇ? ನಮ್ಮನ್ನ ಯಾವನು ಬಸ್ಸಿಗೆ ಹತ್ತಿಸ್ಕೊಂಡಿದ್ದ?”

“ಪುಸ್ತಕದಲ್ಲಿ ಟ್ರಕ್ಕಿಗೂ ಹಾಗೇ ಅಂತಾರಂತೆ, ಅಮಾ.”

“ಯಾರು ಅಂತಾರೆ? ಹಲಗೆ ಮೇಲೆ ಬಿದ್ಕೊಂಡು ನೋವು ತಿಂದೋಳು ನಾನು. ಟಿಕೆಟ್ ತಗೊಂಡು ಸೀಟಲ್ಲಿ ಕೂತು ಹೆತ್ತೆ ಅಂತ ಬರ್ದಿದ್ದೀಯಾ?”

ಎರ್ಲಿಂದಾಗೆ ತನ್ನ ಮೇಲೇ ಸಿಟ್ಟು ನೆತ್ತಿಗೇರಿತು. ಕಮ್ಯೋನನ್ನು ಹೊಡೆದುಹಾಕಿ ತ್ರೋಕಾ ಎಂದು ಮತ್ತೆ ಬರೆದಳು.

ಮರುದಿನ ಲಂದೇತಾ ಹಾಳೆ ನೋಡಿ ನಿಟ್ಟುಸಿರುಬಿಟ್ಟರು. “ಒಂದೇ ಒಂದು ಪದ ಕಣಮ್ಮ. ಅದಕ್ಯಾಕೆ ಇಷ್ಟು ಹಟ?”

“ನನ್ನ ಕೆನ್ನೆಗೆ ಹೊಡೆದಿದ್ದೂ ಒಂದೇ ಒಂದು ಪದಕ್ಕೆ ಸರ್. ಆವಾಗ ಚಿಕ್ಕೋಳು, ಬಾಯಿ ಮುಚ್ಕೊಂಡೆ.”

ಅವರು ಪೆನ್ನಿನ ಮುಚ್ಚಳ ಹಾಕಿದರು. ಸೆಪೇದಾ ಮೇಡಂ ಕಿಟಕಿಯಾಚೆ ನೋಡುತ್ತ ಕೂತರು. ಎರ್ಲಿಂದಾ ಹಾಳೆಗಳನ್ನು ಜೋಡಿಸಿಕೊಂಡು ಎದ್ದು ಬಂದಳು.

ಹೊರಗೆ ತ್ರೋಕಾದಲ್ಲಿ ಚೋನಾ ಕಾದಿದ್ದಳು.

“ಪದವಿ ಕೊಟ್ರಾ?”

“ಇಲ್ಲ, ಅಮಾ.”

“ನಮ್ಮ ಪದ?”

“ನಾನೂ ಕೊಡ್ಲಿಲ್ಲ.”