ಸಿಸ್ಟರ್ ಕೊಡುತ್ತಿದ್ದ ಪುಸ್ತಕಗಳು

ಹೋದ ವಾರ ಸಕ್ಕರೆ ಕಾಯಿಲೆಯ ತಪಾಸಣೆಗೆಂದು ಇಂಡಿ ಪಟ್ಟಣದ ಲ್ಯಾಬ್ ಒಂದರಲ್ಲಿ ತೋಳು ಚಾಚಿ ಕೂತಿದ್ದೆ. ಅಲ್ಲಿಯ ಹುಡುಗಿ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ಮೊಣಕೈ ಮಡಿಕೆಗೆ ಒತ್ತಿದಳು. ಆ ವಾಸನೆ ಮೂಗಿಗೆ ಬಂದ ಕೂಡಲೇ ನನಗೆ ಪುಸ್ತಕಗಳು ನೆನಪಾದವು. ಸಿಸ್ಟರ್ ಕೊಡುತ್ತಿದ್ದ ಪ್ರತಿ ಪುಸ್ತಕಕ್ಕೂ ಇದೇ ವಾಸನೆ ಇರುತ್ತಿತ್ತು. ಸೂಜಿ, ಹತ್ತಿ, ಗುಳಿಗೆಗಳ ಜೊತೆ ಒಂದೇ ಚೀಲದಲ್ಲಿ ಅವು ಊರೂರು ತಿರುಗುತ್ತಿದ್ದವಲ್ಲ...

ಆಗ ನಾನು ಹೊರ್ತಿಯ ಶಾಲೆಗೆ ಹೊಸದಾಗಿ ವರ್ಗವಾಗಿ ಬಂದಿದ್ದೆ. ಮನೆ ಇಂಡಿಯಲ್ಲಿ. ಅವರು ಹೊರ್ತಿಯ ಸರಕಾರಿ ಆಸ್ಪತ್ರೆಯ ನರ್ಸು, ಅವರ ಮನೆಯೂ ಇಂಡಿಯಲ್ಲೇ. ಹಳ್ಳಿಯವರ ಬಾಯಲ್ಲಿ ನರ್ಸಬಾಯಾರು, ನನಗೆ ಸಿಸ್ಟರ್. ಲಿಂಬೆ ಚೀಲಗಳ ನಡುವೆ ಕಾಲಿಡಲು ಜಾಗವಿಲ್ಲದ ಮುಂಜಾನೆಯ ಬಸ್ಸಿನಲ್ಲಿ ಅವರು ಸರಿದು ಕೂತು ನನಗೆ ಸೀಟು ಕೊಟ್ಟರು. ಊರು, ಮನೆತನ ಏನನ್ನೂ ಕೇಳಲಿಲ್ಲ.

"ಅಕ್ಕೋರ, ಈಗ ಏನು ಓದಾಕತ್ತೀರಿ?" ಎಂದರು.

"ಸಾಲಿ ಪುಸ್ತಕ ಬಿಟ್ರ ಮತ್ತೇನ್ ಓದ್ಲಿರಿ," ಎಂದೆ.

ಚೀಲದಿಂದ ಒಂದು ಕಾದಂಬರಿ ತೆಗೆದು ನನ್ನ ತೊಡೆಯ ಮೇಲಿಟ್ಟರು. "ಮೊದಲಿನ ಹಾಳಿ ಬ್ಯಾಸರ ಬರತಾವ. ಬಿಡಬ್ಯಾಡ್ರಿ."

ಬಿಡಲಿಲ್ಲ. ಅಂದಿನಿಂದ ನಮ್ಮಿಬ್ಬರ ಬಸ್ಸಿನ ದಾರಿಯೆಲ್ಲ ಓದಿದ್ದರ ಮಾತಾಯಿತು. ತಾವು ಓದುತ್ತಿರುವ ಕಥೆಯನ್ನು ಪಕ್ಕದ ಮನೆಯ ಸುದ್ದಿಯಂತೆ ಹೇಳುವುದು ಅವರ ರೂಢಿ. ಹಿಂದಿನ ಸೀಟಿನವರು ಮುಂದೆ ಬಾಗಿ ಕೇಳುತ್ತಿದ್ದರು. ಒಮ್ಮೆ ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿ, "ಕಡೀಕ ಆಕಿ ಗಂಡನ ಮನಿಗೆ ಹೊಳ್ಳಿ ಹೋದ್ಲೇನ್ರಿ?" ಎಂದು ಕೇಳಿದ್ದ. "ಹೇಳಿದ್ರ ನೀವು ಓದಂಗಿಲ್ಲ. ನಾಳಿ ತರತೇನಿ," ಎಂದರು ಸಿಸ್ಟರ್. ತಂದೂ ಕೊಟ್ಟರು.

ಅವರಿಗೆ ಒಬ್ಬಳೇ ಮಗಳು. ವಿಜಯಪುರದ ಹಾಸ್ಟೆಲ್ಲಿನಲ್ಲಿದ್ದು ಡಿಗ್ರಿ ಮಾಡುತ್ತಿದ್ದಳು. ರಜೆಯಲ್ಲಿ ತಾಯಿಯ ಜೊತೆ ಬಸ್ಸಿಗೆ ಬಂದರೆ, ನಡುವೆ ಬಾಯಿ ಹಾಕಿ ಕಥೆಯ ಕೊನೆಯನ್ನು ಹೇಳಿಬಿಡುತ್ತಿದ್ದಳು. ಸಿಸ್ಟರ್ ಅವಳ ತೊಡೆಗೆ ಚಿವುಟುತ್ತಿದ್ದರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. "ಅವರು ಹೋದಾಗ ಈ ಕೂಸು, ಈ ಪುಸ್ತಕ, ಎರಡರಿಂದ ಉಳದೇನ್ರಿ ನಾ," ಎಂದು ಒಮ್ಮೆ ಹೇಳಿದ್ದರು. ದುಃಖದಲ್ಲಿರುವವರಿಗೆ ಹುಡುಕಿ ಹುಡುಕಿ ಪುಸ್ತಕ ಕೊಡುತ್ತಿದ್ದುದು ಅದಕ್ಕೇ ಇರಬೇಕು. "ಗುಳಿಗಿ ಸರಕಾರದ್ದು, ಇದು ನಂದು," ಎನ್ನುತ್ತಿದ್ದರು.

ಹೊರ್ತಿಯ ಹೊರಗಿನ ತೋಟದ ವಸ್ತಿಯಲ್ಲಿ ಲಿಂಬೆ ಬಿಡಿಸಲು ಹೋಗುವ ಹೆಣ್ಣುಮಗಳೊಬ್ಬಳ ಕೂಸು ಹುಟ್ಟಿದ ವಾರದೊಳಗೇ ಹೋಯಿತು. ಸಿಸ್ಟರ್ ಅವಳಿಗೂ ಒಂದು ಸಣ್ಣ ಕಾದಂಬರಿ ಕೊಟ್ಟು ಬಂದರು. ಮಗುವನ್ನು ಕಳೆದುಕೊಂಡ ತಾಯಿಯ ಕಥೆ ಅದು. ಆಮೇಲೆ ಆ ಕಡೆ ಹೋದಾಗಲೆಲ್ಲ ಅವಳ ಗುಡಿಸಲ ಮುಂದೆ ಕೂತು, ಎಲ್ಲಿಯ ತನಕ ಓದಿದೆ ಎಂದು ವಿಚಾರಿಸುತ್ತಿದ್ದರು. ಒಂದು ದಿನ ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡು, "ಆ ಹೆಣ್ಮಗಳು ಪೂರಾ ಓದಿ ಮುಗಿಸ್ಯಾಳ್ರಿ ಅಕ್ಕೋರ. ಕೂಲಿಗೆ ಹೊಂಟಾಳ. ಪುಸ್ತಕ ಆಕಿ ಹಂತ್ಯಾಕ ಇರಲಿ ಅಂತ ಬಿಟ್ಟು ಬಂದೆ," ಎಂದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಅದರ ಮರುವರ್ಷದ ಮಳೆಗಾಲದಲ್ಲಿ ಮಗಳಿಗೆ ಹಾಸ್ಟೆಲ್ಲಿನಲ್ಲಿ ಜ್ವರ ಬಂತು. ಡೆಂಗ್ಯೂ. ಸಿಸ್ಟರ್ ಓಡಿದರು. ನಾಡಿ ಹಿಡಿದು ಕೂತವರು ಅವರೇ, ನಾಡಿ ನಿಂತದ್ದು ಎಲ್ಲರಿಗಿಂತ ಮೊದಲು ತಿಳಿದದ್ದೂ ಅವರಿಗೇ...

ದಿನಕರ್ಮಗಳು ಮುಗಿದ ಮೇಲೆ ನಾನು ಅವರ ಮನೆಗೆ ಹೋದೆ. ಬರಿಗೈಯಲ್ಲಿ ಹೋಗಲು ಆಗಲಿಲ್ಲ. ಬಹಳ ಯೋಚಿಸಿ ಆರಿಸಿದ ಒಂದು ಪುಸ್ತಕವಿತ್ತು. "ಅಲ್ಲಿ ಇಡ್ರಿ," ಎಂದರು. ನೋಡಿದರೆ ಹೊರಸಿನ ಮೇಲೆ ಆಗಲೇ ಪುಸ್ತಕಗಳ ರಾಶಿ. ಆಸ್ಪತ್ರೆಯವರು ತಂದದ್ದು, ನೆರೆಯವರು ತಂದದ್ದು, ಕಂಡಕ್ಟರ್ ತಂದದ್ದು. ನೋವಿನ ಮನೆಗೆ ಪುಸ್ತಕ ಒಯ್ಯಬೇಕೆಂದು ಎಲ್ಲರೂ ಅವರಿಂದಲೇ ಕಲಿತಿದ್ದರು. ಒಂದನ್ನೂ ಅವರು ತೆರೆದಿರಲಿಲ್ಲ.

ನಾನು ಅಲ್ಲಿದ್ದಾಗಲೇ ವಸ್ತಿಯ ಆ ಹೆಣ್ಣುಮಗಳು ಬಂದಳು. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟಿದ್ದ ಅದೇ ಕಾದಂಬರಿಯನ್ನು ಬಿಚ್ಚಿ ಸಿಸ್ಟರ್ ಮುಂದೆ ಇಟ್ಟಳು.

ಸಿಸ್ಟರ್ ಅದನ್ನು ಮುಟ್ಟಲಿಲ್ಲ. "ಇದನ್ನ ಅವತ್ತ ನಿನ್ನ ಕೈಯಾಗ ಹೆಂಗ ಇಟ್ಟೆನೋ ಯವ್ವಾ. ಕೂಸು ಕಳಕೊಂಡಾಕಿಗೆ ಪುಸ್ತಕ ಕೊಟ್ಟೆ. ನೀ ನನ್ನ ಮಾರಿ ಮ್ಯಾಲ ಒಗೀಬೇಕಿತ್ತು," ಎಂದರು.

"ಹಂಗ ಅನಬ್ಯಾಡ್ರಿ ಬಾಯಾರ," ಎಂದು ಅವಳು ಅವರ ಕಾಲ ಬಳಿ ಕೂತಳು. "ನಾ ಅದನ್ನ ಓದೇ ಇಲ್ರಿ. ನನಗ ಓದಾಕ ಬರಂಗಿಲ್ಲ. ಬರಂಗಿಲ್ಲ ಅಂದ್ರ ನೀವು ಮತ್ತ ಬರೂದಿಲ್ಲೇನೋ ಅಂತ ಗೋಣ ಹಾಕಿದ್ದೆ. ನೀವು ಬಂದು ಕುಂದರತಿದ್ರಿ. ಅದ ಸಾಕಾಗಿತ್ರಿ ನನಗ."

ಸಮಾಧಾನ ಹೇಳಲೆಂದೇ ಅವಳು ಹಾಗೆ ಅಂದದ್ದು. ಅವಳು ಎದ್ದು ಹೋದ ಮೇಲೆ ಸಿಸ್ಟರ್ ನನ್ನ ಕಡೆ ತಿರುಗಿದರು.

"ಕೇಳಿದ್ರಿಲ್ಲ ಅಕ್ಕೋರ. ಇದರಾಗ ಏನೂ ಇದ್ದಿದ್ದಿಲ್ಲ."

"ಹಂಗಲ್ರಿ ಸಿಸ್ಟರ್. ನೀವು ಹೋಗಿ ಕುಂತಿದ್ರಿ, ಅದು ಆಕೀಗೆ..."

"ನೀವೂ ಬಂದು ಕುಂತೀರಿ," ಎಂದರು. "ಏನಾತು?"



ಸಿಸ್ಟರ್ ಕೆಲಸಕ್ಕೆ ಮರಳಿದರು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದರು, ತೊಗರಿ ಹೊಲಗಳು ಹಿಂದೆ ಸರಿಯುತ್ತಿದ್ದವು. ಚೀಲದಲ್ಲಿ ಸೂಜಿ, ಗುಳಿಗೆ ಮಾತ್ರ. ಮೊದಮೊದಲು ನಾನೇ ಓದಿದ್ದನ್ನು ಹೇಳಲು ನೋಡಿದೆ. "ಹೂಂ" ಅನ್ನುತ್ತಿದ್ದರು, ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಆಮೇಲೆ ನಾನೂ ಬಿಟ್ಟೆ. ವರ್ಷ ತುಂಬುವ ಮೊದಲೇ ಅಣ್ಣನ ಊರು ಹತ್ತಿರವೆಂದು ಮುದ್ದೇಬಿಹಾಳದ ಕಡೆ ವರ್ಗ ಮಾಡಿಸಿಕೊಂಡರು. ಹೊರಡುವಾಗ ಪುಸ್ತಕಗಳನ್ನು ಯಾರಿಗಾದರೂ ಕೊಡಿ ಎಂದು ಮನೆ ಮಾಲೀಕರಿಗೆ ಹೇಳಿದರಂತೆ. ನನಗೆ ತಿಳಿದು, ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಕೋಣೆ ಖಾಲಿಯಾಗಿ ಸುಣ್ಣ ಹೊಡೆಯುತ್ತಿದ್ದರು.

ಆಗಾಗ ಫೋನು ಮಾಡುತ್ತಿದ್ದೆ. ಆರಾಮ ಅದೇನಿ ಎನ್ನುತ್ತಿದ್ದರು. ಒಂದು ಸಲ ಅವರ ಅಣ್ಣ ಎತ್ತಿದರು. "ಮಲಗಿದಲ್ಲೇ ಹೋದ್ಲ್ರಿ. ಬಿ.ಪಿ. ಗುಳಿಗಿ ನುಂಗೂದ ಬಿಟ್ಟಿದ್ಲಂತ. ನಮಗ ಆಮ್ಯಾಲ ತಿಳೀತು," ಎಂದರು. ಮಣ್ಣು ಕೊಟ್ಟು ಆಗಲೇ ವಾರವಾಗಿತ್ತು.

ಅವರಿಗೆ ಒಪ್ಪುವಂಥ ಪುಸ್ತಕ ಒಂದು ಎಲ್ಲೋ ಇದ್ದೀತು, ನನ್ನ ಕೈಗೆ ಸಿಕ್ಕಿರಲಿಲ್ಲ ಅಷ್ಟೇ ಎಂದು ಎಷ್ಟೋ ವರ್ಷ ನಂಬಿದ್ದೆ. ಗ್ರಂಥಾಲಯಕ್ಕೆ ಹೋದಾಗಲೆಲ್ಲ ಕಣ್ಣು ಅದನ್ನೇ ಹುಡುಕುತ್ತಿತ್ತು. ಈಗ ಹುಡುಕುವುದಿಲ್ಲ. ಅಂಥದ್ದನ್ನು ಯಾರೂ ಬರೆದಿಲ್ಲ.

ಓದುವುದು ಮಾತ್ರ ನಿಂತಿಲ್ಲ. ಮೊನ್ನೆ ಒಂದು ಕಾದಂಬರಿ ಮುಗಿಸಿದೆ. ಚೆನ್ನಾಗಿತ್ತು. ಯಾರಿಗೂ ಹೇಳಲಿಲ್ಲ.